ಸೈಕಲ್ ಹಾರಿಸುವ ಮಣ್ಣಿನ ದಿಬ್ಬ: ಮಕ್ಕಳ ಎಲುಬಿನ ಹಿತಚಿಂತನೆ

ಮಳೆಗಾಲ ಹಿಂದೆ ಸರಿದು ದಸರೆಯ ರಜೆ ಸಮೀಪಿಸುತ್ತಿದೆ. ಈ ದಿನಗಳಲ್ಲಿ ದೇವದುರ್ಗ, ಮಾನ್ವಿ ಭಾಗದ ಊರುಗಳ ಹೊರವಲಯದಲ್ಲಿ ಹುಡುಗರ ಹೊಸ ಆಟವೊಂದನ್ನು ಅನೇಕ ತಂದೆತಾಯಿಗಳು ಕಂಡಿರಬಹುದು. ಮನೆ ಕಟ್ಟಲೆಂದು ತಂದು ಸುರಿದ ಗರಸನ್ನೋ ಮಣ್ಣನ್ನೋ ಗುಡ್ಡೆ ಮಾಡಿ, ಅದಕ್ಕೊಂದು ಹಲಗೆ ಒರಗಿಸಿ, ದೂರದಿಂದ ವೇಗವಾಗಿ ಸೈಕಲ್ ತುಳಿದು ಬಂದು ಗಾಳಿಯಲ್ಲಿ ಹಾರಿಸುತ್ತಾರೆ. ಮೊಬೈಲ್ ಫೋನಿನಲ್ಲಿ ಹೊರದೇಶದ ಸವಾರರನ್ನು ನೋಡಿ ಕಲಿತ ಆಟವಿದು. ನೋಡಲು ಬಲು ಚೆಂದ. ಆದರೆ ಬಿದ್ದವರು ವೈದ್ಯರ ಬಳಿಗೆ ಬಂದಾಗ ಕಾಣುವ ದೃಶ್ಯ ಬೇರೆಯೇ ಆಗಿರುತ್ತದೆ.

ನಾನು ವೈದ್ಯವೃತ್ತಿ ಆರಂಭಿಸಿದ ಕಾಲದಲ್ಲಿ ಮಕ್ಕಳ ಕೈಮುರಿತಕ್ಕೆ ಬೇವಿನ ಮರ, ಹುಣಸೆಯ ಮರ, ಎತ್ತಿನ ಬಂಡಿ ಇವೇ ಮುಖ್ಯ ಕಾರಣಗಳಾಗಿದ್ದವು. ಈಗ ಆ ಸ್ಥಾನಕ್ಕೆ ಸೈಕಲ್ಲು ಬಂದಿದೆ. ಹದಿಮೂರು ವರ್ಷದ ಒಬ್ಬ ಬಾಲಕ ಇಂತಹ ಹಾರಾಟದಲ್ಲಿ ಬಿದ್ದು ಮುಂಗೈ ಮುರಿದುಕೊಂಡಿದ್ದ. ಮನೆಯವರು ಯಾರಿಂದಲೋ ಬಿಗಿಯಾಗಿ ಕಟ್ಟು ಹಾಕಿಸಿದರು. ಬೆರಳುಗಳು ಊದಿ ನೀಲಿಗಟ್ಟಿದರೂ ‘ಕಟ್ಟು ಬಿಚ್ಚಬಾರದು’ ಎಂದು ನಾಲ್ಕು ದಿನ ಕಾದರು. ಎಲುಬು ಕೂಡಿತು, ಆದರೆ ರಕ್ತಸಂಚಾರ ನಿಂತು ಸ್ನಾಯುಗಳು ಸತ್ತವು. ಅವನು ಇಂದಿಗೂ ಆ ಕೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲಾರ. ಇಂತಹ ಅನಾಹುತ ಇನ್ನೊಂದು ಮನೆಗೆ ಬರಬಾರದೆಂಬ ಕಳಕಳಿಯಿಂದ ಈ ವಿಷಯವನ್ನು ಸದ್ಭಕ್ತರ ಮುಂದಿಡುತ್ತಿದ್ದೇನೆ.

‘ಈ ಆಟವನ್ನೇ ನಿಲ್ಲಿಸಿಬಿಡಿ ಎಂದು ಬರೆಯಿರಿ ಡಾಕ್ಟರೇ’ ಎಂದು ಕೆಲವು ತಾಯಂದಿರು ಹೇಳುವುದುಂಟು. ಅವರ ಅಂಜಿಕೆ ಸಹಜವಾದುದು. ಆದರೆ ನಿಷೇಧಿಸಿದರೆ ಹುಡುಗರು ಹಿರಿಯರ ಕಣ್ಣಿಗೆ ಬೀಳದ ಸ್ಥಳವನ್ನು ಹುಡುಕುತ್ತಾರೆ. ಕಾಲುವೆಯ ಏರಿಗೆ, ಪಾಳು ಬಿದ್ದ ಕಲ್ಲಿನ ಕ್ವಾರಿಗೆ ಹೋಗುತ್ತಾರೆ. ಅಲ್ಲಿ ಬಿದ್ದರೆ ಎತ್ತುವವರೂ ಇರುವುದಿಲ್ಲ. ದಿನವಿಡೀ ಮೊಬೈಲ್ ಹಿಡಿದು ಕೂಡುವ ಮಗು ಬಯಲಿಗೆ ಬಂದು ಬೆವರು ಸುರಿಸುವುದು ಆರೋಗ್ಯದ ದೃಷ್ಟಿಯಿಂದ ಸ್ವಾಗತಾರ್ಹವೇ. ಆದ್ದರಿಂದ ದಿಬ್ಬವನ್ನು ಕ್ರಮವರಿತು ಕಟ್ಟುವುದು, ದೇಹವನ್ನು ಸಿದ್ಧಪಡಿಸುವುದು, ಬಿದ್ದಾಗ ಮಾಡಬೇಕಾದುದನ್ನು ತಿಳಿದಿರುವುದು ಈ ಮೂರನ್ನೂ ಹಿರಿಯರು ಕಲಿಸಿಕೊಡುವುದು ಉತ್ತಮ.

ಆಟದ ಹಿನ್ನೆಲೆ

1970ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೋಟಾರ್ ಸೈಕಲ್ಲುಗಳ ಮಣ್ಣಿನ ಓಟವನ್ನು ಕಂಡ ಮಕ್ಕಳು ಅದನ್ನು ತಮ್ಮ ಸಣ್ಣ ಸೈಕಲ್ಲುಗಳಲ್ಲಿ ಅನುಕರಿಸತೊಡಗಿದರು. ಅದರಿಂದ ಬಿಎಂಎಕ್ಸ್ ಎಂಬ ಕ್ರೀಡೆ ಹುಟ್ಟಿತು. ಇದರ ಸೈಕಲ್ಲಿಗೆ 20 ಅಂಗುಲದ ಸಣ್ಣ ಗಾಲಿಗಳಿರುತ್ತವೆ. ಗುಡ್ಡಗಾಡಿನ ಹಾದಿಗೆಂದು ದಪ್ಪ ಟೈರಿನ ಮೌಂಟೇನ್ ಬೈಕ್ ಅನಂತರ ಬಂದಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟೇನ್ ಬೈಕ್ ಓಟಕ್ಕೆ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಿಎಂಎಕ್ಸ್ ಓಟಕ್ಕೆ ಸ್ಥಾನ ದೊರೆಯಿತು. ಎರಡರಲ್ಲಿಯೂ ಪುರುಷರೊಂದಿಗೆ ಮಹಿಳೆಯರೂ ಸ್ಪರ್ಧಿಸುತ್ತಾರೆ.

ನಮ್ಮ ಉತ್ತರ ಕರ್ನಾಟಕಕ್ಕೆ ಸೈಕಲ್ ಕ್ರೀಡೆ ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ರೈತಾಪಿ ಮನೆತನದ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. 2022ರಲ್ಲಿ ಗದಗದಲ್ಲಿಯೇ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ನಡೆಯಿತು. ಬೆಂಗಳೂರಿನ ಕಿರಣ್ ಕುಮಾರ್ ರಾಜು ಈ ವಿಭಾಗದಲ್ಲಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿದವರು. 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ರಾಜ್ಯ ಸರ್ಕಾರದ ಯೋಜನೆ 2006–07ರಲ್ಲಿ ಆರಂಭವಾದ ಮೇಲೆ ಬಡವರ ಮನೆಯಂಗಳಕ್ಕೂ ಸೈಕಲ್ ಬಂದಿತು. ಹೀಗಾಗಿ ನಮ್ಮ ಮಕ್ಕಳ ಈ ಉತ್ಸಾಹವನ್ನು ಕೇವಲ ಪುಂಡಾಟವೆಂದು ತಳ್ಳಿಹಾಕುವುದು ಸರಿಯಲ್ಲ.

ಇಳಿಯುವ ಇಳಿಜಾರೇ ಪ್ರಾಣ

ನಮ್ಮ ಹುಡುಗರು ಮಾಡುವ ಮುಖ್ಯ ತಪ್ಪು ಒಂದೇ. ಅವರು ಏರುವ ದಿಬ್ಬವನ್ನು ಕಟ್ಟುತ್ತಾರೆ, ಇಳಿಯುವ ದಿಬ್ಬವನ್ನು ಕಟ್ಟುವುದಿಲ್ಲ. ಹಲಗೆಯ ಮೇಲೆ ಏರಿದ ಸೈಕಲ್ಲು ಗಾಳಿಯಲ್ಲಿ ಸಾಗಿ ಸಮತಟ್ಟಾದ ಗಟ್ಟಿ ನೆಲಕ್ಕೆ ಅಪ್ಪಳಿಸುತ್ತದೆ. ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿ.ಮೀ. ವೇಗದಲ್ಲಿ ಕೆಳಮುಖವಾಗಿರುತ್ತದೆ. ಆ ವೇಗವನ್ನೆಲ್ಲ ಒಂದೇ ಕ್ಷಣದಲ್ಲಿ ತಡೆಯಬೇಕಾದವು ಮಗುವಿನ ಮಣಿಕಟ್ಟು, ಮೊಣಕೈ, ಮೊಣಕಾಲು ಮತ್ತು ಬೆನ್ನುಹುರಿಯ ಕಂಬ. ಇಳಿಯುವ ಕಡೆ ಇಳಿಜಾರಿದ್ದರೆ ಗಾಲಿಗಳು ಅದರ ಜಾಡು ಹಿಡಿದು ಮುಂದಕ್ಕೆ ಜಾರುತ್ತವೆ. ಬೀಳುವ ವೇಗದ ಬಹುಪಾಲು ಮುಂದೋಟವಾಗಿ ಮಾರ್ಪಡುತ್ತದೆ. ಬಲ್ಲ ಸವಾರರು ಎಷ್ಟೋ ಎತ್ತರದಿಂದ ಹಾರಿ ನೋವಿಲ್ಲದೆ ಇಳಿಯುವ ರಹಸ್ಯ ಇಷ್ಟೇ.

ದಿಬ್ಬಗಳಲ್ಲಿ ಎರಡು ಬಗೆ. ಏರುವ ಗುಡ್ಡೆ ಮತ್ತು ಇಳಿಯುವ ಗುಡ್ಡೆಗಳ ನಡುವೆ ತಗ್ಗು ಬಿಟ್ಟಿರುವುದು ಒಂದು. ಅಲ್ಲಿ ಹಾರಾಟ ಒಂದು ಗೇಣು ಕಡಿಮೆಯಾದರೂ ಮುಂದಿನ ಗಾಲಿ ಎದುರು ಗುಡ್ಡೆಗೆ ಬಡಿದು ಸವಾರ ತಲೆಕೆಳಗಾಗುತ್ತಾನೆ. ನುರಿತವರಿಗೆ ಮಾತ್ರ ಇದು ತಕ್ಕದ್ದು. ಎರಡನೆಯದು ನಡುವೆ ಮಣ್ಣು ತುಂಬಿ ಮೇಲ್ಭಾಗವನ್ನು ಕಟ್ಟೆಯಂತೆ ಸಮ ಮಾಡಿದ ದಿಬ್ಬ. ಇದರಲ್ಲಿ ಹಾರಾಟ ಕಡಿಮೆಯಾದರೆ ಗಾಲಿ ಕಟ್ಟೆಯ ಮೇಲೆ ಇಳಿಯುತ್ತದೆ. ಹಾರಲು ಅಂಜಿದ ಮಗು ಸುಮ್ಮನೆ ಉರುಳಿಸಿಕೊಂಡು ದಾಟಬಹುದು. ನಮ್ಮ ಮಕ್ಕಳಿಗೆ ಈ ಎರಡನೆಯ ಬಗೆಯೇ ಯೋಗ್ಯ.

ಆರಂಭಿಕರ ದಿಬ್ಬದ ಎತ್ತರ ಮೊಣಕಾಲನ್ನು ಮೀರಬಾರದು, ಅಂದರೆ ಒಂದೂವರೆ ಅಡಿ. ಏರುವ ಭಾಗ ಐದು ಅಡಿ ಉದ್ದ, ಮೇಲಿನ ಸಮಭಾಗ ಐದು ಅಡಿ, ಇಳಿಯುವ ಭಾಗ ಆರರಿಂದ ಏಳು ಅಡಿ ಉದ್ದ ಮತ್ತು ಅಗಲ ಐದು ಅಡಿ ಇರಲಿ. ಇಷ್ಟಕ್ಕೆ ಸುಮಾರು ಒಂದು ಟ್ರ್ಯಾಕ್ಟರ್ ಟ್ರ್ಯಾಲಿಯಷ್ಟು ಮಣ್ಣು ಸಾಕು. ಏರುವ ಭಾಗ ಒಂದೇ ಸಮನಾಗಿ ಬಾಗಿರಬೇಕು. ತುದಿಯಲ್ಲಿ ಫಕ್ಕನೆ ನಿಗುರಿದರೆ ಹಿಂದಿನ ಗಾಲಿ ಒದ್ದಂತಾಗಿ ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ದಿಬ್ಬದ ಹಿಂದೆ ಮುಂದೆ ಐವತ್ತು ಅಡಿಗಳಷ್ಟು ನೇರವಾದ, ಕಲ್ಲು ಮುಳ್ಳುಗಳಿಲ್ಲದ ಜಾಗವಿರಬೇಕು. ಬೇಲಿ, ವಿದ್ಯುತ್ ಕಂಬ, ಬಾವಿ, ರಸ್ತೆ ಇವು ಹತ್ತಿರದಲ್ಲಿ ಇರಕೂಡದು.

ಮಣ್ಣಿನ ಗುಣ, ಕಟ್ಟುವ ಕ್ರಮ

ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ದೋಆಬ್ ಪ್ರದೇಶದಲ್ಲಿ ಎರೆಮಣ್ಣು ವಿಶೇಷ. ಹತ್ತಿ, ಬಿಳಿಜೋಳಕ್ಕೆ ಅದು ತಾಯಿಯಂತಹ ನೆಲ. ದಿಬ್ಬಕ್ಕೆ ಮಾತ್ರ ಸಲ್ಲದು. ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಗಾಲಿ ಸಿಕ್ಕರೆ ಬೀಳುವುದು ನಿಶ್ಚಿತ. ಒಳಗಿನ ತುಂಬುವಿಕೆಗೆ ಗರಸು, ಮೇಲಿನ ಒಂದು ಗೇಣಿಗೆ ಸ್ವಲ್ಪ ಜಿಗುಟುಳ್ಳ ಕೆಂಪು ಮಸಾರಿ ಮಣ್ಣು ಉತ್ತಮ. ಮಣ್ಣನ್ನು ಜಾಲರಿಯಲ್ಲಿ ಸೋಸಿ ಕಲ್ಲು, ಗಾಜು, ಮೊಳೆ ತೆಗೆಯಬೇಕು. ಒಳಗೆ ಇಟ್ಟಿಗೆ, ಕಟ್ಟಿಗೆ, ಟೈರು ತುಂಬಿದರೆ ಕೆಲವೇ ದಿನಗಳಲ್ಲಿ ಪೊಳ್ಳಾಗಿ ಕುಸಿಯುತ್ತದೆ.

ಮಣ್ಣನ್ನು ಎಲ್ಲಿಂದ ತರಬಾರದು ಎಂಬುದೂ ಮುಖ್ಯ. ಕಾಲುವೆ ಮತ್ತು ಕೆರೆಗಳ ಏರಿಯನ್ನು ಎಂದಿಗೂ ಅಗೆಯಕೂಡದು. ಒಂದು ಪುಟ್ಟಿ ಮಣ್ಣು ತೆಗೆದ ಜಾಗದಲ್ಲಿಯೇ ನೀರು ಜಿನುಗಿ ನೂರಾರು ಎಕರೆಯ ಬೆಳೆಗೆ ಅಪಾಯ ತರಬಹುದು. ಚಿನ್ನದ ಗಣಿಯ ತ್ಯಾಜ್ಯದ ಪುಡಿ, ವಿದ್ಯುತ್ ಸ್ಥಾವರದ ಹಾರುಬೂದಿ ಹಗುರವಾಗಿ ಸಿಗುತ್ತವೆಂದು ಬಳಸಬಾರದು. ಅವುಗಳಲ್ಲಿರುವ ಸೂಕ್ಷ್ಮ ಸಿಲಿಕಾ ಧೂಳು ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ಹೊರಬಾರದು.

ಕಟ್ಟಲು ಮಳೆ ಹಿಂದೆಗೆದ ಈ ಕಾಲವೇ ಪ್ರಶಸ್ತ. ಮಣ್ಣಿನಲ್ಲಿ ಹದವಾದ ತೇವವಿರುತ್ತದೆ. ಹದ ನೋಡುವ ಬಗೆ ಸುಲಭ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದಾಗ ಉಂಡೆ ಕಟ್ಟಬೇಕು, ಕೈಗೆ ಕೆಸರಾಗಬಾರದು; ಸೊಂಟದೆತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಪುಡಿಪುಡಿಯಾದರೆ ನೀರು ಚಿಮುಕಿಸಬೇಕು, ಮುದ್ದೆಯಾಗಿ ಕೂತರೆ ಆರಬಿಡಬೇಕು. ಅರ್ಧ ಅಡಿಗೊಂದು ಪದರದಂತೆ ಹಾಕಿ ಪ್ರತಿ ಪದರವನ್ನೂ ದಿಮ್ಮಸಿನಿಂದ ಬಡಿದು ಗಟ್ಟಿಗೊಳಿಸಿದ ಮೇಲೆಯೇ ಮುಂದಿನ ಪದರ ಹಾಕಬೇಕು. ಮಾಳಿಗೆ ಮನೆಗೆ ಮಣ್ಣು ಹಾಕಿ ಬಡಿದ ಹಿರಿಯರು ಇನ್ನೂ ನಮ್ಮ ಊರುಗಳಲ್ಲಿ ಇದ್ದಾರೆ. ಹುಡುಗರು ಅವರ ಬಳಿ ಒಂದು ದಿನ ಕೆಲಸ ಕಲಿಯಲಿ. ಕೊನೆಗೆ ಸುತ್ತಲೂ ಸಣ್ಣ ಕಾಲುವೆ ತೋಡಿ ಮಳೆನೀರು ಹರಿದುಹೋಗುವಂತೆ ಮಾಡಬೇಕು. ಒಂದು ವಾರ ಆರಿದ ಮೇಲೆ ಸವಾರಿ ಆರಂಭಿಸಬೇಕು. ಮಳೆ ಬಂದರೆ ದಿಬ್ಬ ಒಣಗುವ ತನಕ ಆಟ ಬಂದ್.

ಗರಡಿ ಮನೆಯ ಪೈಲ್ವಾನರು ಕೆಂಪು ಮಣ್ಣನ್ನು ಸೋಸಿ, ಎಣ್ಣೆ, ಮಜ್ಜಿಗೆ, ಅರಿಶಿಣ ಬೆರೆಸಿ, ಪ್ರತಿದಿನ ಅಗೆದು ಸಡಿಲಗೊಳಿಸಿ ಅನಂತರವೇ ಕುಸ್ತಿಗೆ ಇಳಿಯುತ್ತಾರೆ. ಬೀಳುವ ನೆಲವನ್ನು ಮೊದಲು ಸಿದ್ಧಪಡಿಸು, ಆಮೇಲೆ ಆಡು ಎಂಬ ವಿವೇಕ ಅದರಲ್ಲಿದೆ. ದಿಬ್ಬದ ಇಕ್ಕೆಲಗಳಲ್ಲಿ ನಾಲ್ಕು ಅಡಿ ಅಗಲದ ನೆಲವನ್ನು ಹೀಗೆಯೇ ಅಗೆದು ಮೆತ್ತಗೆ ಇಟ್ಟರೆ ಪಕ್ಕಕ್ಕೆ ಬಿದ್ದವರ ಎಲುಬು ಉಳಿಯುತ್ತದೆ. ಮಣ್ಣು ಹೊರುವುದು, ಬಡಿಯುವುದು ಸ್ವತಃ ಉತ್ತಮ ಕಾಯಕ ಮತ್ತು ವ್ಯಾಯಾಮ. ಕಟ್ಟುವಲ್ಲಿ ಬೆವರು ಸುರಿಸದವನಿಗೆ ಹಾರುವ ಸರದಿಯಿಲ್ಲ ಎಂಬ ನಿಯಮವನ್ನು ಮಕ್ಕಳೇ ಮಾಡಿಕೊಳ್ಳಲಿ.

ಸೈಕಲ್ಲಿನ ಪರೀಕ್ಷೆ

ಶಾಲೆಗೆ ಹೋಗುವ ಸಾಮಾನ್ಯ ಸೈಕಲ್ಲು ಹಾರಾಟಕ್ಕೆ ನಿರ್ಮಿತವಾದುದಲ್ಲ. ಮೊಣಕಾಲೆತ್ತರದ ದಿಬ್ಬವನ್ನು ಉರುಳಿಸಿಕೊಂಡು ದಾಟಲು ಅದು ಸಾಕು. ಅದಕ್ಕಿಂತ ಹೆಚ್ಚಿಗೆ ಬಳಸಿದರೆ ಮುಂದಿನ ಫೋರ್ಕ್ ಮುರಿಯುತ್ತದೆ. ಕ್ಯಾರಿಯರ್, ಸ್ಟ್ಯಾಂಡ್, ಬುಟ್ಟಿ ತೆಗೆದಿರಿಸಬೇಕು. ಹ್ಯಾಂಡಲ್ಲಿನ ನಟ್ಟು, ಎರಡೂ ಬ್ರೇಕು, ಚೈನು ಇವನ್ನು ಪ್ರತಿದಿನ ಪರೀಕ್ಷಿಸಬೇಕು.

ಒಂದು ಸೂಕ್ಷ್ಮ ಸಂಗತಿಯನ್ನು ತಂದೆತಾಯಿಗಳು ನೆನಪಿಡಬೇಕು. ಹ್ಯಾಂಡಲ್ಲಿನ ತುದಿಯ ರಬ್ಬರ್ ಹಿಡಿ ಹರಿದು ಕೊಳವೆಯ ಬಾಯಿ ತೆರೆದಿದ್ದರೆ, ಬಿದ್ದಾಗ ಅದು ಹೊಟ್ಟೆಗೆ ನಾಟುತ್ತದೆ. ಹೊರಗೆ ಉಂಗುರದಂತಹ ಸಣ್ಣ ಗುರುತಷ್ಟೇ ಇದ್ದರೂ ಒಳಗೆ ಯಕೃತ್ತು, ಪ್ಲೀಹ, ಕರುಳು ಒಡೆದಿರಬಹುದು. ಹ್ಯಾಂಡಲ್ ತಾಗಿದ ಮಗುವಿಗೆ ಹೊಟ್ಟೆನೋವು, ವಾಂತಿ, ಮುಖ ಬಿಳುಚಿಕೊಳ್ಳುವುದು ಕಂಡುಬಂದರೆ ‘ನಾಳೆ ನೋಡೋಣ’ ಎನ್ನದೆ ಆಸ್ಪತ್ರೆಗೆ ಒಯ್ಯಬೇಕು. ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು, ಮೊಣಕಾಲು ಮೊಣಕೈಗಳಿಗೆ ದಪ್ಪ ಬಟ್ಟೆಯ ಪಟ್ಟಿ ಇಲ್ಲದೆ ಯಾರನ್ನೂ ದಿಬ್ಬಕ್ಕೆ ಬಿಡಬಾರದು. ಪಂಚೆ, ದುಪಟ್ಟಾ, ಸಡಿಲ ಪೈಜಾಮ ಚೈನಿಗೆ ಸಿಲುಕುತ್ತವೆ.

ದೇಹದ ಸಿದ್ಧತೆ

ವ್ಯಾಯಾಮವನ್ನು ಅರ್ಧಶಕ್ತಿಯ ಮಟ್ಟಿಗೆ ಮಾಡಬೇಕೆಂಬುದು ಆಯುರ್ವೇದದ ಮತ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಯಿಂದ ಉಸಿರು ಬರತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ದಿಬ್ಬದ ಸವಾರಿಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ದಣಿದ ತೋಳು ಹ್ಯಾಂಡಲ್ಲನ್ನು ಹಿಡಿತದಲ್ಲಿ ಇಡಲಾರದು. ‘ಇದೊಂದೇ ಕೊನೆಯ ಸಲ’ ಎಂದು ಹಾರಿದಾಗಲೇ ಬಿದ್ದೆವೆಂದು ಹೇಳುವ ಹುಡುಗರು ಬಹಳ. ಹೇಮಂತ, ಶಿಶಿರ, ವಸಂತ ಋತುಗಳು ವ್ಯಾಯಾಮಕ್ಕೆ ಹಿತ. ಗ್ರೀಷ್ಮದಲ್ಲಿ ಅತಿಯಾದ ಶ್ರಮ ವರ್ಜ್ಯ. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಚಳಿಗಾಲದಲ್ಲಿಯೂ ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ ಆಡುವುದು ಲೇಸು.

ಸವಾರಿಗೆ ಮುನ್ನ ಹತ್ತು ನಿಮಿಷ ಕುತ್ತಿಗೆ, ಭುಜ, ಸೊಂಟ, ಕಣಕಾಲುಗಳನ್ನು ಆಡಿಸಿ, ಹತ್ತಿಪ್ಪತ್ತು ಬಸ್ಕಿ, ಐದಾರು ದಂಡ ಹಾಕಬೇಕು. ಬಿದ್ದಾಗ ಅಂಗೈ ಊರದೆ ಭುಜದ ಮೇಲೆ ಉರುಳುವುದನ್ನು ಮೆತ್ತನೆಯ ಮಣ್ಣಿನಲ್ಲಿ ಮೊದಲೇ ಅಭ್ಯಾಸ ಮಾಡಬೇಕು. ಮಕ್ಕಳ ಮಣಿಕಟ್ಟು, ಮೊಣಕೈ ಮುರಿಯುವುದು ಹೆಚ್ಚಾಗಿ ಚಾಚಿದ ಕೈಯ ಮೇಲೆ ಬೀಳುವುದರಿಂದಲೇ. ಎಳ್ಳೆಣ್ಣೆಯ ಅಭ್ಯಂಗವನ್ನು ಆಟ ಮುಗಿದ ಸಂಜೆ ಮಾಡಿಸಿರಿ. ಆಟಕ್ಕೆ ಮೊದಲು ಮಾಡಿದರೆ ಹಿಡಿ ಜಾರುತ್ತದೆ. ಊಟವಾದ ಎರಡು ಗಂಟೆಯೊಳಗೆ ಸವಾರಿ ಬೇಡ. ನಡುವೆ ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆ ಅಥವಾ ಜೋಳದ ಅಂಬಲಿ ಕೊಡಿರಿ. ಜ್ವರ ಬಂದು ಹೋದ ವಾರದಲ್ಲಿ ಪೂರ್ಣ ವಿಶ್ರಾಂತಿ ಅಗತ್ಯ.

ಗಾಯವಾದಾಗ

ತರಚಿದ ಗಾಯಕ್ಕೆ ಅಲ್ಲಿಯದೇ ಮಣ್ಣು, ನಶ್ಯ, ಕಾಫಿಪುಡಿ, ಸಗಣಿಯ ಬೂದಿ ಒತ್ತುವ ರೂಢಿ ಅಪಾಯಕರ. ದನಕರುಗಳು ಓಡಾಡುವ ಮಣ್ಣಿನಲ್ಲಿ ಧನುರ್ವಾತದ ರೋಗಾಣುಗಳಿರುತ್ತವೆ. ಮೊದಲು ಹರಿಯುವ ಶುದ್ಧ ನೀರಿನಲ್ಲಿ, ಸೋಪು ಬಳಸಿ ಐದು ನಿಮಿಷ ತೊಳೆಯಬೇಕು. ಕಾಯಿಸಿ ಆರಿಸಿದ ತ್ರಿಫಲಾ ಕಷಾಯದಿಂದಲೂ ತೊಳೆಯಬಹುದು. ಗಾಯ ಆಳವಾಗಿದ್ದರೆ ಕೇವಲ ಮನೆಮದ್ದಿನಿಂದ ಆಗದು. ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನಲ್ಲಿ ಸರ್ಕಾರ ಉಚಿತವಾಗಿ ನೀಡುವ ಧನುರ್ವಾತ ನಿರೋಧಕ ಚುಚ್ಚುಮದ್ದನ್ನು ಹಾಕಿಸಿದ್ದೀರಾ ಎಂದು ಈಗಲೇ ಪರಿಶೀಲಿಸಿರಿ.

ತಲೆಗೆ ಪೆಟ್ಟಾಗಿ ಕ್ಷಣಕಾಲ ಎಚ್ಚರ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ತೂಕಡಿಕೆ ಬಂದರೆ, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಬಂದರೆ ತಡ ಮಾಡದೆ 108ಕ್ಕೆ ಕರೆ ಮಾಡಬೇಕು. ಕುತ್ತಿಗೆ ಅಥವಾ ಬೆನ್ನು ನೋವೆಂದವನನ್ನು ಕೈಕಾಲು ಹಿಡಿದು ಎತ್ತಕೂಡದು. ಅಲುಗಾಡಿಸದೆ ಹಾಗೆಯೇ ಮಲಗಿಸಿರಬೇಕು. ಬಾಯಿಗೆ ನೀರು ಹಾಕುವುದೂ ಬೇಡ.

ಎಲುಬು ಮುರಿದಾಗ

ಸುಶ್ರುತಾಚಾರ್ಯರು ಭಗ್ನವನ್ನು ವಿವರಿಸುತ್ತ ಅದರ ಕಾರಣಗಳಲ್ಲಿ ಮೊದಲಿಗೆ ಹೇಳುವುದು ಬೀಳುವುದನ್ನೇ. ಎಲುಬು ಮುರಿಯುವುದರಲ್ಲಿ ಹನ್ನೆರಡು, ಕೀಲು ತಪ್ಪುವುದರಲ್ಲಿ ಆರು ಬಗೆಗಳನ್ನು ಅವರು ಎಣಿಸಿದ್ದಾರೆ. ಕಟ್ಟು ಹಾಕಲು ಬಿದಿರಿನ ಸೀಳು, ಅತ್ತಿ, ಅರಳಿ, ಆಲ, ಮುತ್ತುಗದ ತೊಗಟೆಗಳನ್ನು ಹೇಳಿದ್ದಾರೆ. ಇವೆಲ್ಲಕ್ಕಿಂತ ಅಮೂಲ್ಯವಾದುದು ಕಟ್ಟಿನ ಹದದ ಬಗ್ಗೆ ಅವರು ನೀಡಿದ ಎಚ್ಚರಿಕೆ: ಸಡಿಲವಾದರೆ ಎಲುಬು ಸ್ಥಿರವಾಗದು, ಬಿಗಿಯಾದರೆ ಬಾವು, ನೋವು, ಕೀವು ಉಂಟಾಗುತ್ತವೆ. ಕಟ್ಟನ್ನು ಚಳಿಗಾಲದಲ್ಲಿ ಏಳು, ಸಮಶೀತೋಷ್ಣ ಕಾಲದಲ್ಲಿ ಐದು, ಬೇಸಿಗೆಯಲ್ಲಿ ಮೂರು ದಿನಗಳಿಗೊಮ್ಮೆ ಬಿಚ್ಚಿ ನೋಡಿ ಮತ್ತೆ ಕಟ್ಟಬೇಕೆಂಬುದು ಅವರ ವಿಧಾನ. ‘ಕಟ್ಟು ಬಿಚ್ಚಲೇಬಾರದು’ ಎಂಬ ನಮ್ಮ ಹಳ್ಳಿಗಳ ನಂಬಿಕೆಗೆ ಶಾಸ್ತ್ರದಲ್ಲಿ ಆಧಾರವಿಲ್ಲ.

ಮಕ್ಕಳ ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಮೃದುಭಾಗವಿರುತ್ತದೆ. ಅಲ್ಲಿ ಪೆಟ್ಟಾಗಿ ಸರಿಯಾಗಿ ಕೂಡದಿದ್ದರೆ ಕೈ ವಕ್ರವಾಗಿ ಬೆಳೆಯುತ್ತದೆ. ಆದ್ದರಿಂದ ಎಕ್ಸ್-ರೇ ತೆಗೆಸದೆ ಮಗುವಿನ ಎಲುಬಿಗೆ ಯಾರೂ ಕಟ್ಟು ಹಾಕಬಾರದು. ಹಾಕುವವರು ಎಷ್ಟೇ ಹೆಸರಾದ ನಾಟಿ ವೈದ್ಯರಿರಲಿ, ನನ್ನಂತಹ ಆಯುರ್ವೇದ ವೈದ್ಯರಿರಲಿ. ಸ್ಥಳದಲ್ಲಿ ಮಾಡಬೇಕಾದುದು ಇಷ್ಟೇ: ಮುರಿದ ಭಾಗವನ್ನು ಎಳೆಯದೆ, ತಿಕ್ಕದೆ, ಕಂಡ ಸ್ಥಿತಿಯಲ್ಲಿಯೇ ಎರಡು ಬಿದಿರಿನ ಪಟ್ಟಿ ಅಥವಾ ಮಡಿಸಿದ ವೃತ್ತಪತ್ರಿಕೆಯ ಆಸರೆ ಕೊಟ್ಟು, ಬಟ್ಟೆಯಿಂದ ಹಗುರವಾಗಿ ಕಟ್ಟಿ, ಕೈಯನ್ನು ಕೊರಳಿಗೆ ಜೋಲಿ ಮಾಡಿ ತಾಲ್ಲೂಕು ಆಸ್ಪತ್ರೆಗೆ, ಅಗತ್ಯಬಿದ್ದರೆ ರಾಯಚೂರಿನ ರಿಮ್ಸ್‌ಗೆ ಕರೆದೊಯ್ಯುವುದು. ಬಳೆ, ಉಂಗುರ, ಕೈದಾರಗಳನ್ನು ಬಾವು ಬರುವ ಮುನ್ನವೇ ತೆಗೆಯಿರಿ.

ಕಟ್ಟು ಹಾಕಿದ ಮೇಲೆ ಮೊದಲ ಎರಡು ದಿನ ಮಗುವಿನ ಬೆರಳುಗಳನ್ನು ಗಂಟೆಗೊಮ್ಮೆ ನೋಡಿರಿ. ಬೆರಳು ತಣ್ಣಗಾದರೆ, ಬಿಳುಪು ಅಥವಾ ನೀಲಿಯಾದರೆ, ಜೋಮು ಹಿಡಿದರೆ, ಅಲುಗಿಸಲು ಬಾರದಿದ್ದರೆ, ನೋವು ಕಡಿಮೆಯಾಗುವ ಬದಲು ಏರುತ್ತಲೇ ಹೋದರೆ ನಡುರಾತ್ರಿಯಾದರೂ ಸರಿ, ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಧಾವಿಸಬೇಕು. ರಕ್ತವಿಲ್ಲದ ಸ್ನಾಯು ಸುಮಾರು ಆರು ಗಂಟೆಗಳಲ್ಲಿ ಮರಳಿಬಾರದ ಹಾನಿಗೆ ಒಳಗಾಗುತ್ತದೆ. ಮೇಲೆ ಹೇಳಿದ ಬಾಲಕನ ಮನೆಯವರಿಗೆ ಈ ನಾಲ್ಕು ಮಾತು ತಿಳಿದಿದ್ದರೆ ಅವನ ಕೈ ಉಳಿಯುತ್ತಿತ್ತು.

ಪಥ್ಯಾಹಾರ

ಎಲುಬು ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ, ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ತಿಂಗಳಿಗೆ ಸ್ಥಿರವಾಗುತ್ತದೆಂಬುದು ಸುಶ್ರುತರ ಲೆಕ್ಕ. ಮಕ್ಕಳ ಮುಂಗೈ ನಾಲ್ಕರಿಂದ ಆರು ವಾರಗಳಲ್ಲಿ ಕೂಡುವುದನ್ನು ನಾವು ಇಂದಿಗೂ ಕಾಣುತ್ತೇವೆ. ಆ ಅವಧಿಯಲ್ಲಿ ಹಾಲು, ತುಪ್ಪ, ಹೆಸರುಬೇಳೆಯ ಕಟ್ಟು, ಎಳ್ಳು, ರಾಗಿ, ನುಗ್ಗೆಸೊಪ್ಪು ಹಿತಕರ. ಅತಿಯಾದ ಉಪ್ಪು, ಹುಳಿ, ಖಾರ ಬೇಡ. ನಮ್ಮ ಕಡೆಯ ಮಿರ್ಚಿ ಭಜಿಗೂ, ಕೆಂಪು ಚಟ್ನಿಗೂ ಕೆಲವು ದಿನ ವಿರಾಮವಿರಲಿ. ಬೆಳಗಿನ ಎಳೆಬಿಸಿಲು ಎಲುಬಿಗೆ ಬಲ. ಹೊಲದ ಬದುಗಳಲ್ಲಿ ಸಿಗುವ ಮಂಗರವಳ್ಳಿಯನ್ನು ಶಾಸ್ತ್ರದಲ್ಲಿ ಅಸ್ಥಿಸಂಹಾರ ಎನ್ನುತ್ತಾರೆ, ಅಂದರೆ ಎಲುಬು ಕೂಡಿಸುವುದು. ಹಸಿಯದು ಬಾಯಿ ಗಂಟಲನ್ನು ತುರಿಸುವುದರಿಂದ ಅದನ್ನೂ, ಲಾಕ್ಷಾದಿ ಗುಗ್ಗುಳವನ್ನೂ ವೈದ್ಯರ ಸಲಹೆಯ ಪ್ರಮಾಣದಲ್ಲಿಯೇ ಸೇವಿಸಬೇಕು. ಇವು ಕೂಡುವಿಕೆಗೆ ಸಹಾಯಕವೇ ಹೊರತು ಸ್ಥಾನ ತಪ್ಪಿದ ಎಲುಬನ್ನು ಸ್ಥಾನಕ್ಕೆ ತರಲಾರವು. ಕಟ್ಟು ಬಿಚ್ಚಿದ ಮೇಲೆ ಬೆಚ್ಚನೆಯ ಎಳ್ಳೆಣ್ಣೆ ಸವರಿ, ಕೀಲನ್ನು ಮಗು ತಾನಾಗಿ ಆಡಿಸುವಂತೆ ಮಾಡಬೇಕು. ಬಲವಂತವಾಗಿ ಎಳೆದು ತಿಕ್ಕಬಾರದು. ಮೂರು ತಿಂಗಳು ದಿಬ್ಬದ ಹತ್ತಿರ ಸುಳಿಯುವಂತಿಲ್ಲ.

ಊರ ಹಿರಿಯರಲ್ಲಿ ಕೊನೆಯ ವಿನಂತಿ. ಪ್ರತಿ ಊರಿನಲ್ಲಿ ಶಾಲೆಯ ಬಯಲಿನ ಒಂದು ಮೂಲೆಯನ್ನೋ, ಮಾಲೀಕರ ಒಪ್ಪಿಗೆ ಪಡೆದು ಬೀಳು ಬಿದ್ದ ಮಸಾರಿ ನೆಲದ ಒಂದು ತುಂಡನ್ನೋ ಮಕ್ಕಳಿಗೆ ತೋರಿಸಿರಿ. ದೊಡ್ಡವರೊಬ್ಬರು ಅಲ್ಲಿ ಕುಳಿತಿರಲಿ, ಜೊತೆಗೆ ಒಂದು ಕೊಡ ನೀರು, ಸೋಪು, ಶುಭ್ರ ಬಟ್ಟೆ, ನಾಲ್ಕು ಬಿದಿರಿನ ಪಟ್ಟಿ ಇರಲಿ. ಹೆಣ್ಣುಮಕ್ಕಳಿಗೂ ಸರದಿ ಇರಲಿ. ಮೊದಲ ತಿಂಗಳು ಗಾಲಿ ನೆಲ ಬಿಡದಂತೆ ಉರುಳಿಸಿ ದಾಟುವುದು, ಎರಡನೆಯ ತಿಂಗಳು ಗೇಣೆತ್ತರ ಹಾರುವುದು, ಈ ಕ್ರಮವನ್ನು ಮೀರದಿದ್ದರೆ ಮಗು ಗಟ್ಟಿಯಾಗುತ್ತದೆ. ದಸರೆಯ ರಜೆಗೆ ಮುನ್ನ ಹೆಲ್ಮೆಟ್ಟನ್ನೂ ಚುಚ್ಚುಮದ್ದಿನ ಕಾರ್ಡನ್ನೂ ಹುಡುಕಿ ತೆಗೆದಿರಿಸಿರಿ.